ಪ್ರೋಟಾನ್ ಎಲ್ಲಿ ನಿಲ್ಲುತ್ತೆ ಅಂತ ಯಾರಿಗೆ ಗೊತ್ತು?

ಹೋದ ಸಂಚಿಕೇಲಿ ಪ್ರೋಟಾನ್ ರೇಡಿಯೇಶನ್ (ಪ್ರೋಟಾನ್ ಅನ್ನೋ ಪರಮಾಣುವಿಗಿಂತ ಸಣ್ಣ ಕಣಗಳನ್ನ ವೇಗವಾಗಿ ಹೊಡೆದು ಗಡ್ಡೆ ಸಾಯಿಸೋ ಚಿಕಿತ್ಸೆ) ಅಂದ್ರೇನು ಅಂತ ಅರ್ಧ ಪುಟ ಬರೆದಿದ್ದೆ, ಅಷ್ಟಕ್ಕೇ ಇಷ್ಟೊಂದು ಪ್ರಶ್ನೆ ಬರುತ್ತೆ ಅಂದ್ಕೊಂಡಿರಲಿಲ್ಲ. ಓದ್ತಾ ಹೋದ್ರೆ ಹೆಚ್ಚಿನವರು ಸುತ್ತಿ ಬಳಸಿ ಕೇಳಿರೋದು ಒಂದೇ, ಕಂಪ್ಯೂಟರ್ ತೋರ್ಸೋ ಡೋಸನ್ನ, ಅಂದ್ರೆ ಮೈಯ ಯಾವ ಭಾಗಕ್ಕೆ ಎಷ್ಟು ರೇಡಿಯೇಶನ್ ಬೀಳುತ್ತೆ ಅನ್ನೋ ಲೆಕ್ಕಾನ, ಎಷ್ಟರ ಮಟ್ಟಿಗೆ ನಂಬಬಹುದು ಅಂತ. ನಾನು ಮೆಡಿಕಲ್ ಫಿಸಿಸಿಸ್ಟ್ (ಡೋಸ್ ಲೆಕ್ಕ ಹಾಕಿ ಅಳೆದು ನೋಡೋರು), ಡಾಕ್ಟರ್ ಅಲ್ಲ, ಹಾಗಾಗಿ ಇದು ನನ್ನ ಹೊಟ್ಟೆಪಾಡಿನ ಪ್ರಶ್ನೆ. ಈ ಸಲದ ಪುಟ ಪೂರ್ತಿ ಇದಕ್ಕೇ. ಕಾಯಿಲೆ ವಿಷಯ ಆದ್ರಿಂದ ಕೇಳಿದವರ ಹೆಸರು ಹಾಕಿಲ್ಲ, ಊರು ಮಾತ್ರ ಇದೆ.

ದಾವಣಗೆರೆಯಿಂದ: ಮೇಡಂ, ನಮ್ಮಣ್ಣನಿಗೆ ತಲೆಬುರುಡೆ ಬುಡದಲ್ಲಿ ಕಾರ್ಡೋಮಾ ಅನ್ನೋ ಗಡ್ಡೆ. ಆಪರೇಶನ್ ಆಯ್ತು, ಪೂರ್ತಿ ತೆಗೆಯೋಕಾಗಲಿಲ್ಲ, ಪ್ರೋಟಾನ್ ಕೊಡಿಸಿ ಅಂದ್ರು. ಆಸ್ಪತ್ರೇಲಿ ಕಂಪ್ಯೂಟರ್‌ನಲ್ಲಿ ಬಣ್ಣ ಬಣ್ಣದ ಚಿತ್ರ ತೋರ್ಸಿದ್ರು, ಗಡ್ಡೆ ಮೇಲೆ ಕೆಂಪು, ಪಕ್ಕದಲ್ಲೇ ಬ್ರೈನ್‌ಸ್ಟೆಮ್ (ಮಿದುಳಿನ ಕಾಂಡ) ಅಂತೆ, ಅಲ್ಲಿ ನೀಲಿ. ಎರಡರ ಮಧ್ಯ ಒಂದು ಬೆರಳು ಅಗಲಾನೂ ಇಲ್ಲ. ನಿಜವಾಗ್ಲೂ ತಲೆ ಒಳಗೆ ಹಾಗೇ ಬೀಳುತ್ತಾ, ಇಲ್ಲ ಅದು ಬರೀ ಚಿತ್ರಾನಾ?

ಚಿತ್ರಾನೇ, ಮುಚ್ಚುಮರೆ ಯಾಕೆ. ಅದನ್ನ ನಿಮಗೆ ತೋರ್ಸಿದ ದಿನ ನಿಮ್ಮಣ್ಣನ ಮೇಲೆ ಒಂದೇ ಒಂದು ಪ್ರೋಟಾನೂ ಬಿದ್ದಿರಲ್ಲ. ಅವರ ಸಿಟಿ ಸ್ಕ್ಯಾನ್ ಒಂದ್ಕಡೆ, ಆ ಮಷೀನಿನ ಬೀಮ್ ನೀರಲ್ಲಿ ಹೆಂಗೆ ನಡ್ಕೊಳ್ಳುತ್ತೆ ಅಂತ ತಿಂಗಳುಗಟ್ಲೆ ಅಳೆದಿಟ್ಟ ಅಂಕಿ ಇನ್ನೊಂದ್ಕಡೆ, ಎರಡನ್ನೂ ಸೇರಿಸಿ ಕಂಪ್ಯೂಟರ್ ಹಾಕಿದ ಲೆಕ್ಕಕ್ಕೆ ಬಣ್ಣ ಬಳಿದಿದಾರೆ. ಆದ್ರೆ ಬರೀ ಲೆಕ್ಕ ಅಂತ ಅಲ್ಲಗಳೆಯೋ ಹಾಗೂ ಇಲ್ಲ, ಯಾಕಂದ್ರೆ ಅದು ಎಲ್ಲೆಲ್ಲಿ ಸರಿ ಬರುತ್ತೆ ಎಲ್ಲೆಲ್ಲಿ ಎಡವುತ್ತೆ ಅಂತ ಗೊತ್ತಿರೋ ಲೆಕ್ಕ ಅದು.

ಮನೆ ಮುಂದೆ ಚುಕ್ಕಿ ರಂಗೋಲಿ ಹಾಕ್ತಾರಲ್ಲ, ಸ್ಕ್ಯಾನಿಂಗ್ ಬೀಮ್ ಹೆಚ್ಚುಕಮ್ಮಿ ಅದೇ ಥರ. ಸಣ್ಣ ಬೀಮನ್ನ ಮ್ಯಾಗ್ನೆಟ್ಟಿಂದ ಅತ್ತ ಇತ್ತ ವಾಲಿಸಿ ಗಡ್ಡೆ ಒಳಗೆ ಒಂದೊಂದೇ ಚುಕ್ಕಿ ಇಡ್ತಾ ಹೋಗೋದು, ಒಂದು ಪದರ ತುಂಬಿದ ಮೇಲೆ ಎನರ್ಜಿ ಇಳಿಸಿ ಅದಕ್ಕಿಂತ ಈಚೆಗಿನ ಪದರ, ಆಮೇಲೆ ಅದಕ್ಕಿಂತ ಈಚೆಗಿಂದು, ಹಿಂಗೆ ಒಂದು ದಿಕ್ಕಿನಿಂದಾನೇ ಸಾವಿರಾರು ಚುಕ್ಕಿ ಆಗ್ತವೆ. ಸ್ವಿಟ್ಜರ್ಲೆಂಡ್‌ನ ಪಾಲ್ ಶೆರರ್ ಇನ್‌ಸ್ಟಿಟ್ಯೂಟ್‌ನಲ್ಲಿ 1996ರಲ್ಲಿ ಪೇಷೆಂಟ್‌ಗಳಿಗೆ ಹಿಂಗೆ ಪ್ರೋಟಾನ್ ಕೊಡೋಕೆ ಶುರು ಮಾಡಿದ್ರು. 2019ರಲ್ಲಿ ಶುರುವಾದ ಚೆನ್ನೈ ಅಪೋಲೋದ್ದೂ, 2023ರಲ್ಲಿ ಶುರುವಾದ ಖಾರ್ಘರ್‌ನ ಟಾಟಾದ್ದೂ ಇದೇ ಪದ್ಧತಿ.

ಚುಕ್ಕಿ ಎಷ್ಟು ಆಳದಲ್ಲಿ ಬೀಳುತ್ತೆ ಅನ್ನೋದನ್ನ ಎನರ್ಜಿ ತೀರ್ಮಾನ ಮಾಡುತ್ತೆ. 70 ಎಂಇವಿ (ಪ್ರೋಟಾನ್ ಎನರ್ಜಿ ಹೇಳೋ ಮಾನ) ಅಂದ್ರೆ ನೀರಲ್ಲಿ ಸುಮಾರು 4 ಸೆಂಟಿಮೀಟರ್, 150 ಅಂದ್ರೆ 16ರ ಹತ್ತಿರ, 230 ಅಂದ್ರೆ 33. ಪ್ರೋಟಾನ್ ಓಟ ನಿಧಾನ ಆದಷ್ಟೂ ಹೆಚ್ಚು ಹೆಚ್ಚು ಶಕ್ತಿ ಕೈ ಬಿಡುತ್ತೆ, ಅದಕ್ಕೆ ನಿಲ್ಲೋ ಮುಂಚೆ ದೊಡ್ಡ ಪಾಲು ಅಲ್ಲೇ ಸುರಿದುಬಿಡುತ್ತೆ, ಆಮೇಲೆ ಮುಂದಕ್ಕೆ ಹತ್ತಿರ ಹತ್ತಿರ ಸೊನ್ನೆ. ಬ್ರ್ಯಾಗ್ ಪೀಕ್ ಅಂತಾರೆ ಇದಕ್ಕೆ. ಇದೇ ಇದರ ಹೆಚ್ಚುಗಾರಿಕೆ, ನಮ್ಮ ನಿದ್ದೆ ಕೆಡಿಸೋದೂ ಇದೇ. ಎಕ್ಸ್‌ರೇ ಲೆಕ್ಕದಲ್ಲಿ ಅರ್ಧ ಸೆಂಟಿಮೀಟರ್ ಮಾಂಸ ಹೆಚ್ಚುಕಮ್ಮಿ ಆದ್ರೆ ಆಳದಲ್ಲಿ ಡೋಸ್ ಒಂದೆರಡು ಪರ್ಸೆಂಟ್ ಅತ್ತಿತ್ತ ಆಗುತ್ತೆ, ಯಾರಿಗೂ ಗೊತ್ತಾಗಲ್ಲ. ಪ್ರೋಟಾನ್‌ನಲ್ಲಿ ಅದೇ ಅರ್ಧ ಸೆಂಟಿಮೀಟರ್ ಅಂದ್ರೆ ಪೂರ್ತಿ ಡೋಸ್ ಬೀಳಬೇಕಾದ ಕಡೆ ಏನೂ ಬೀಳದೇ ಇರಬಹುದು, ಬೀಳಬಾರದ ಕಡೆ ಪೂರ್ತಿ ಬೀಳಬಹುದು. ಇಳಿಜಾರು ಬೇರೆ, ಬಾವಿಕಟ್ಟೆ ಬೇರೆ.

ಹಂಗಿದ್ಮೇಲೆ ಬ್ರೈನ್‌ಸ್ಟೆಮ್ ಪಕ್ಕ ಹೆಂಗ್ರೀ ಕೊಡ್ತಾರೆ ಅಂತ ಕೇಳ್ತೀರಿ. ಬ್ರೈನ್‌ಸ್ಟೆಮ್ ಕಡೆ ನೇರ ಗುರಿ ಇಟ್ಟು ಅದರ ಹೊಸ್ತಿಲಲ್ಲಿ ಬಂದು ನಿಲ್ಲೋ ಬೀಮನ್ನ ಆದಷ್ಟೂ ಇಡಲ್ಲ. ಬೀಮ್ ಎಲ್ಲಿ ನಿಲ್ಲುತ್ತೆ ಅನ್ನೋದಕ್ಕಿಂತ ಅದರ ಪಕ್ಕದ ಅಂಚು ಎಲ್ಲಿದೆ ಅನ್ನೋದು ನಮಗೆ ಹೆಚ್ಚು ಖಾತ್ರಿ, ಅದಕ್ಕೆ ಸೂಕ್ಷ್ಮ ಅಂಗದ ಪಕ್ಕದಿಂದ ಸವರಿಕೊಂಡು ಹೋಗೋ ಹಾಗೆ ದಿಕ್ಕು ಆರಿಸ್ತಾರೆ, ಅದೂ ಒಂದೇ ದಿಕ್ಕಲ್ಲ, ಎರಡು ಮೂರು. ಆಮೇಲೆ ಬೀಮ್ 3.5 ಪರ್ಸೆಂಟ್ ಉದ್ದ ಹೋದ್ರೆ, ಗಿಡ್ಡ ಬಿದ್ರೆ, ತಲೆ ಈ ಕಡೆ ಒಂದೆರಡು ಮಿಲಿಮೀಟರ್ ಸರಿದ್ರೆ, ಆ ಕಡೆ ಸರಿದ್ರೆ, ಅಂತ ಹತ್ತಾರು ಕೆಟ್ಟ ಸಂದರ್ಭಕ್ಕೆ ಕಂಪ್ಯೂಟರ್ ಮತ್ತೆ ಮತ್ತೆ ಲೆಕ್ಕ ಹಾಕುತ್ತೆ, ಎಲ್ಲದ್ರಲ್ಲೂ ಗಡ್ಡೆಗೆ ಸಾಕಷ್ಟು ಬಿದ್ದು ಬ್ರೈನ್‌ಸ್ಟೆಮ್ ಮಿತಿ ದಾಟದೇ ಇರೋ ಪ್ಲಾನೇ ಪಾಸು. ರೋಬಸ್ಟ್ ಪ್ಲಾನಿಂಗ್ ಅಂತ ಹೆಸರು. ನಿಮಗೆ ತೋರ್ಸಿದ್ದು ಎಲ್ಲಾ ಸರಿ ಹೋದಾಗಿನ ಚಿತ್ರ. ಮುಂದಿನ ಸಲ ಹೋದಾಗ ಧೈರ್ಯವಾಗಿ ಕೇಳಿ, ತೀರಾ ಕೆಟ್ಟ ಸಂದರ್ಭದಲ್ಲಿ ಬ್ರೈನ್‌ಸ್ಟೆಮ್‌ಗೆ ಎಷ್ಟು ಹೋಗುತ್ತೆ ಅದನ್ನೂ ತೋರ್ಸಿ ಅಂತ. ತೋರ್ಸ್ತಾರೆ, ಅದು ಕಂಪ್ಯೂಟರ್‌ನಲ್ಲೇ ಇರುತ್ತೆ.

ಇನ್ನೊಂದು ವಿಷ್ಯ, ಆಪರೇಶನ್‌ನಲ್ಲಿ ಸ್ಕ್ರೂ, ಪ್ಲೇಟು ಏನಾದ್ರೂ ಹಾಕಿದ್ರೆ ಅದು ಯಾವ ಲೋಹ ಅಂತ ಬರೆದಿರೋ ಚೀಟಿ ತಗೊಂಡು ಹೋಗಿ. ಲೋಹ ಇದ್ರೆ ಸಿಟಿಲಿ ನಕ್ಷತ್ರದ ಥರ ಗೀರು ಬೀಳ್ತವೆ, ಆ ಗೀರನ್ನ ಕಂಪ್ಯೂಟರ್ ಮೂಳೆ ಅಂತಾನೋ ಗಾಳಿ ಅಂತಾನೋ ನಂಬಿಬಿಡುತ್ತೆ, ನಾವು ಕೂತು ಕೈಯಲ್ಲಿ ತಿದ್ದಬೇಕು. ಟೈಟಾನಿಯಮ್ಮೋ ಸ್ಟೀಲೋ ಗೊತ್ತಿದ್ರೆ ಅರ್ಧ ಕೆಲಸ ಮುಗೀತು.

ಮಂಗಳೂರಿಂದ (ಬಿ.ಇ. ವಿದ್ಯಾರ್ಥಿನಿ): ಬೀಮ್ ಎನರ್ಜಿ ಅಷ್ಟು ಕರೆಕ್ಟಾಗಿ ಗೊತ್ತಿದೆ, ಫಾರ್ಮುಲಾ ಇದೆ, ಸಿಟಿ ಸ್ಕ್ಯಾನ್ ಇದೆ. ಆದ್ರೂ ಎಲ್ಲಾ ಕಡೆ 3.5 ಪರ್ಸೆಂಟ್ ರೇಂಜ್ ಅನ್‌ಸರ್ಟೆನಿಟಿ (ಬೀಮ್ ಎಷ್ಟು ಆಳದಲ್ಲಿ ನಿಲ್ಲುತ್ತೆ ಅನ್ನೋದ್ರಲ್ಲಿರೋ ಅನುಮಾನ) ಅಂತ ಬರೆದಿರ್ತಾರೆ. ಅದು ಎಲ್ಲಿಂದ ಬಂತು ಮೇಡಂ?

ಮುಖ್ಯವಾಗಿ ಸಿಟಿಯಿಂದ ಕಣಮ್ಮ. ಮಷೀನ್‌ದೇನೂ ಅಷ್ಟು ತಪ್ಪಿಲ್ಲ, ಒಂದು ಎನರ್ಜಿ ಕೇಳಿದ್ರೆ ನೀರಲ್ಲಿ ಒಂದು ಮಿಲಿಮೀಟರ್ ಒಳಗೇ ಸರಿಯಾಗಿ ನಿಲ್ಲಿಸುತ್ತೆ. ತೊಂದ್ರೆ ಏನಂದ್ರೆ ಸಿಟಿ ನೋಡೋದು ಎಕ್ಸ್‌ರೇ ಕಣ್ಣಲ್ಲಿ. ನೀರಿಗೆ 0, ಗಾಳಿಗೆ ಮೈನಸ್ 1000, ಕೊಬ್ಬಿಗೆ ಮೈನಸ್ 100ರ ಆಸುಪಾಸು, ಹಿಂಗೆ ಪ್ರತಿ ಚುಕ್ಕಿಗೂ ಒಂದು ಹೌನ್ಸ್‌ಫೀಲ್ಡ್ ನಂಬರ್ ಕೊಡುತ್ತೆ, ಅದು ಎಕ್ಸ್‌ರೇನ ಎಷ್ಟು ತಡೀತು ಅನ್ನೋ ನಂಬರ್. ನಮಗೆ ಬೇಕಿರೋದು ಪ್ರೋಟಾನನ್ನ ಎಷ್ಟು ತಡೆಯುತ್ತೆ ಅಂತ. ಎರಡೂ ಎಲೆಕ್ಟ್ರಾನ್ ಸಾಂದ್ರತೆ ಮೇಲೆ ನಿಂತಿವೆ ನಿಜ, ಆದ್ರೆ ಎಕ್ಸ್‌ರೇಗೆ ಪರಮಾಣು ಭಾರದ್ದೋ ಹಗುರದ್ದೋ ಅನ್ನೋದು ಬೇರೆ ರೀತಿ ತಟ್ಟುತ್ತೆ, ಪ್ರೋಟಾನಿಗೆ ಬೇರೆ ರೀತಿ. ಹಾಗಾಗಿ ಒಂದೇ ಸಿಟಿ ನಂಬರ್ ಇರೋ ಎರಡು ಬೇರೆ ಬೇರೆ ಟಿಶ್ಯೂ ಪ್ರೋಟಾನನ್ನ ಬೇರೆ ಬೇರೆ ಥರ ತಡೀಬಹುದು. ಕನ್ನಡದಿಂದ ತುಳುಗೆ ಡಿಕ್ಷನರಿ ಇಟ್ಕೊಂಡು ಪದಕ್ಕೆ ಪದ ಹಾಕಿದಂಗೆ, ಬಹುಪಾಲು ಸರಿ ಹೋಗುತ್ತೆ, ಕೆಲವು ಕಡೆ ನಗೆಪಾಟಲು, ಮಂಗಳೂರಿನ ನಿಮಗೆ ನಾನೇನು ಹೇಳೋದು.

ಆ ಡಿಕ್ಷನರಿನ ಮಾಡೋಕೆ ಒಳ್ಳೇ ದಾರಿ ತೋರ್ಸಿದ್ದೂ 1996ರಲ್ಲಿ ಪಾಲ್ ಶೆರರ್‌ನ ಆ ಸ್ವಿಸ್ ಗುಂಪೇ, ಸ್ಟಾಯ್ಕಿಯೋಮೆಟ್ರಿಕ್ ಕ್ಯಾಲಿಬ್ರೇಶನ್ ಅಂತ. ಏನೇನಿಂದ ಮಾಡಿದ್ದು ಅಂತ ಗೊತ್ತಿರೋ ಪ್ಲಾಸ್ಟಿಕ್ ತುಂಡುಗಳನ್ನ ಸಿಟಿಲಿಟ್ಟು ಆ ಸ್ಕ್ಯಾನರ್‌ನ ಗುಣ ತಿಳ್ಕೊಂಡು, ಆಮೇಲೆ ನಿಜವಾದ ಟಿಶ್ಯೂಗಳಿಗೆ ಎಷ್ಟು ಬರುತ್ತೆ ಅಂತ ಲೆಕ್ಕ ಹಾಕೋದು. ಇಷ್ಟಾದ್ರೂ ಪುಸ್ತಕದ ಲಿವರ್ ಬೇರೆ, ನಿಮ್ಮ ಲಿವರ್ ಬೇರೆ. ಫಾರ್ಮುಲಾದಲ್ಲೂ ಒಂದು ಗಂಟು ಇದೆ, ಐ ವ್ಯಾಲ್ಯೂ ಅಂತ, ಅಂದ್ರೆ ಒಂದು ವಸ್ತುವಿನ ಎಲೆಕ್ಟ್ರಾನ್‌ಗಳನ್ನ ಅಲುಗಾಡಿಸೋಕೆ ಸರಾಸರಿ ಎಷ್ಟು ಶಕ್ತಿ ಬೇಕು ಅನ್ನೋ ಅಂಕಿ. ಬರೀ ನೀರಿಗೇ ಅದು 1993ರ ಐಸಿಆರ್‌ಯು (ರೇಡಿಯೇಶನ್ ಅಳತೆಯ ಅಂತರರಾಷ್ಟ್ರೀಯ ಸಮಿತಿ) ವರದೀಲಿ 75 ಎಲೆಕ್ಟ್ರಾನ್ ವೋಲ್ಟ್ ಇತ್ತು, ಆಮೇಲೆ ಬಂದ 90ನೇ ವರದೀಲಿ 78 ಆಯ್ತು. ಬೇಕಿದ್ರೆ ಬೆಥೆ ಫಾರ್ಮುಲಾಕ್ಕೆ (ಪ್ರೋಟಾನ್ ಹೋಗ್ತಾ ಹೋಗ್ತಾ ಎಷ್ಟು ಶಕ್ತಿ ಕಳ್ಕೊಳ್ಳುತ್ತೆ ಅಂತ ಹೇಳೋ ಸೂತ್ರ) ಹಾಕಿ ನೋಡಿ, 150 ಎಂಇವಿಗೆ ಅರ್ಧ ಪರ್ಸೆಂಟ್ ಹತ್ತಿರ ವ್ಯತ್ಯಾಸ ಬರುತ್ತೆ. ನೀರಿನ ಮಟ್ಟಿಗೆ ನಾವು ನೇರವಾಗಿ ಅಳೆದುಬಿಡ್ತೀವಿ, ಯೋಚನೆ ಇಲ್ಲ. ಲಿವರ್ ಮೂಳೆ ಎಲ್ಲ ಅಳೆಯೋಕೆ ಯಾರು ಕೊಡ್ತಾರೆ.

ಇವೆಲ್ಲ ಸೇರಿ 3.5 ಪರ್ಸೆಂಟ್, ಮೇಲೆ ಒಂದು ಮಿಲಿಮೀಟರ್, ಅಂತ ಬಹಳ ಕಡೆ ಇಟ್ಕೊಂಡಿದಾರೆ. 8 ಸೆಂಟಿಮೀಟರ್ ಆಳದ ಗಡ್ಡೆಗೆ ಅದು 4 ಮಿಲಿಮೀಟರ್‌ಗಿಂತ ಸ್ವಲ್ಪ ಕಮ್ಮಿ. ಸೊಂಟದ ಪಕ್ಕದಿಂದ ಪ್ರಾಸ್ಟೇಟ್‌ಗೆ ಹೊಡೆಯೋವಾಗ 20 ಸೆಂಟಿಮೀಟರ್ ದಾಟಬೇಕು ಅಂದ್ಕೊಳ್ಳಿ, 8 ಮಿಲಿಮೀಟರ್. ಅಷ್ಟೂ ಅಗಲದ ಒಳ್ಳೇ ಮಾಂಸಕ್ಕೆ ಗೊತ್ತಿದ್ದೂ ಗೊತ್ತಿದ್ದೂ ಡೋಸ್ ಕೊಡ್ತೀವಿ, ನಮ್ಮ ಅನುಮಾನಕ್ಕೆ ಪೇಷೆಂಟ್ ಕಟ್ಟೋ ದಂಡ ಅದು. ಎರಡು ಎನರ್ಜಿಲಿ ತೆಗೆಯೋ ಡ್ಯುಯಲ್ ಎನರ್ಜಿ ಸಿಟಿ ಬಂದ ಮೇಲೆ ಕೆಲವು ಸೆಂಟರ್‌ಗಳು ಇದನ್ನ 2 ಪರ್ಸೆಂಟ್ ಕಡೆಗೆ ಇಳಿಸಿದಾವೆ, ನನ್ನ ಕೇಳಿದ್ರೆ ಹೊಸ ಸಾಫ್ಟ್‌ವೇರ್‌ಗಿಂತ ಮೊದಲು ದುಡ್ಡು ಹಾಕಬೇಕಾಗಿರೋದು ಅಲ್ಲಿ.

ಹುಬ್ಬಳ್ಳಿಯಿಂದ: ಮೇಡಂ ನಮಸ್ಕಾರ್ರೀ, ನಂದು ಎಂ.ಎಸ್ಸಿ ಫಿಸಿಕ್ಸ್ ಮುಗದೈತಿ, ರೇಡಿಯೇಶನ್ ಫಿಸಿಕ್ಸ್ ಡಿಪ್ಲೊಮಾ ಮಾಡ್ಬೇಕಂತ ಅದೀನಿ. ಡೋಸ್ ಲೆಕ್ಕಾ ಹಾಕಾಕ ಪೆನ್ಸಿಲ್ ಬೀಮ್ ಅಲ್ಗಾರಿದಂಕಿಂತ ಮಾಂಟೆ ಕಾರ್ಲೋ ಭಾಳ ಛಲೋ ಅಂತ ಎಲ್ಲಾರೂ ಅಂತಾರ. ಹಂಗಿದ್ರ ಹಳೇದನ್ನ ಇನ್ನೂ ಯಾಕ ಇಟ್ಕೊಂಡಾರ್ರೀ?

ಬೇಗ ಆಗುತ್ತೆ ಅಂತ್ರೀ, ಮತ್ತೇನಿಲ್ಲ. ಪೆನ್ಸಿಲ್ ಬೀಮ್ ಲೆಕ್ಕ ಏನು ಮಾಡುತ್ತೆ ಅಂದ್ರೆ ಬೀಮಿನ ನಡುಗೆರೆ ಹಿಡ್ಕೊಂಡು ಹೋಗಿ ದಾರೀಲಿ ಸಿಕ್ಕ ಮೂಳೆ ಮಾಂಸ ಗಾಳಿನೆಲ್ಲ ಇಷ್ಟು ನೀರಿಗೆ ಸಮ ಅಂತ ಕೂಡಿಸಿ, ನೀರಲ್ಲಿ ಅಳೆದ ಕರ್ವನ್ನ (ಯಾವ ಆಳದಲ್ಲಿ ಎಷ್ಟು ಡೋಸ್ ಅನ್ನೋ ಗೆರೆ) ಅದಕ್ಕೆ ತಕ್ಕಂಗೆ ಹಿಗ್ಗಿಸಿ ಕುಗ್ಗಿಸಿ ಇಡುತ್ತೆ. ಲಿವರ್ ಥರ ಒಂದೇ ಸಮ ಇರೋ ಕಡೆ ಚೆನ್ನಾಗೇ ಬರುತ್ತೆ. ಆದ್ರೆ ಬೀಮ್ ಅಗಲದ ಅರ್ಧ ಮೂಳೆ ಮೇಲೆ, ಅರ್ಧ ಸೈನಸ್ ಗಾಳಿ ಮೇಲೆ ಬಿದ್ದಾಗ ಅರ್ಧ ಇಲ್ಲೇ ನಿಂತು ಅರ್ಧ ಮುಂದೆ ಓಡುತ್ತೆ, ನಡುಗೆರೆ ಹಿಡಿದ ಲೆಕ್ಕಕ್ಕೆ ಅದು ಅರ್ಥ ಆಗಲ್ಲ.

ಮಾಂಟೆ ಕಾರ್ಲೋ ಹಂಗಲ್ಲ, ಒಂದೊಂದೇ ಪ್ರೋಟಾನನ್ನ ದಾಳ ಉರುಳಿಸಿ ನಡೆಸುತ್ತೆ, ಇಲ್ಲಿ ತಿರುಗಿತಾ, ಅಲ್ಲಿ ನ್ಯೂಕ್ಲಿಯಸ್‌ಗೆ ಗುದ್ದಿತಾ ಅಂತ. ಅಮೆರಿಕದ ಲಾಸ್ ಅಲಮೋಸ್ ಲ್ಯಾಬ್‌ನ ಗಣಿತಜ್ಞ ಸ್ಟಾನಿಸ್ಲಾವ್ ಉಲಮ್ ಕಾಯಿಲೆಯಿಂದ ಚೇತರಿಸ್ಕೊಳ್ತಾ ಇಸ್ಪೀಟ್ ಆಡ್ತಿದ್ದಾಗ ಹೊಳೆದ ವಿಚಾರ, ಹೆಸರು ಬಂದಿದ್ದು ಅವರ ಚಿಕ್ಕಪ್ಪನೋ ಮಾವನೋ ಸಾಲ ಮಾಡಿಯಾದ್ರೂ ಜೂಜಾಡೋಕೆ ಹೋಗ್ತಿದ್ದ ಊರಿಂದ. ಇದರ ಕಷ್ಟ ಏನಂದ್ರೆ ದಾಳದ ಆಟ ಆದ್ರಿಂದ ಉತ್ತರದಲ್ಲಿ ಗುಜುಗುಜು (ಅಂಕಿ ಅತ್ತಿತ್ತ ಅಲುಗಾಡೋದು) ಇರುತ್ತೆ, ಗುಜುಗುಜು ಅರ್ಧ ಮಾಡ್ಬೇಕು ಅಂದ್ರೆ ನಾಲ್ಕು ಪಟ್ಟು ಪ್ರೋಟಾನ್ ಓಡಿಸ್ಬೇಕು. ಮೊದಲೆಲ್ಲ ರಾತ್ರಿ ಹಚ್ಚಿಟ್ಟು ಮನೆಗೆ ಹೋಗೋರು, ಈಗ ಗ್ರಾಫಿಕ್ಸ್ ಕಾರ್ಡ್ ಮೇಲೆ ನಿಮಿಷಗಳಲ್ಲಿ ಮುಗಿಯುತ್ತೆ, ಹಾಗಾಗಿ ನೆಪ ಹೇಳೋ ಕಾಲ ಹೋಯ್ತು ಅಂತ ನನ್ನ ಅಭಿಪ್ರಾಯ, ಅದರಲ್ಲೂ ಶ್ವಾಸಕೋಶಕ್ಕೆ. ಅಮೆರಿಕದಲ್ಲಿ ಹ್ಯೂಸ್ಟನ್‌ನ ಐರಾಕ್ ಅಂತ ಒಂದು ಸಂಸ್ಥೆ ಇದೆ, ಶ್ವಾಸಕೋಶದ ಥರ ಮಾಡಿದ ಬೊಂಬೇನ ಆಸ್ಪತ್ರೆಗಳಿಗೆ ಕಳಿಸಿ ಟ್ರೀಟ್‌ಮೆಂಟ್ ಕೊಡಿಸಿ, ಒಳಗಿಟ್ಟ ಡೋಸಿಮೀಟರ್ (ಡೋಸ್ ಅಳೆಯೋ ಸಾಧನ) ಓದುತ್ತೆ. 2017ರಲ್ಲಿ ಅವರು ಹೇಳಿದ್ದೇನು ಗೊತ್ತಾ, ಪೆನ್ಸಿಲ್ ಬೀಮ್ ಲೆಕ್ಕ ಗಡ್ಡೆ ನಡುವಿಗೆ ನಿಜಕ್ಕಿಂತ ಸರಾಸರಿ 7 ಪರ್ಸೆಂಟ್ ಹತ್ತಿರ ಜಾಸ್ತಿ ತೋರ್ಸ್ತಿತ್ತು, ಮಾಂಟೆ ಕಾರ್ಲೋ ಮಾತ್ರ ಅಳತೆಗೆ ಹೊಂದ್ತಿತ್ತು. ಅಂದ್ರೆ ಪೂರ್ತಿ ಕೊಟ್ಟಿದೀವಿ ಅಂತ ಸ್ಕ್ರೀನ್ ಹೇಳುತ್ತೆ, ಗಡ್ಡೆಗೆ ಅಷ್ಟು ಸಿಕ್ಕಿರಲ್ಲ.

ಎದೆಗೂಡು, ಕುತ್ತಿಗೆ ಕಡೆ ಇನ್ನೊಂದು ಕಾಟ. ಕಮ್ಮಿ ಅಂದ್ರೆ 70 ಎಂಇವಿ, ಅದೇ 4 ಸೆಂಟಿಮೀಟರ್ ಹೋಗುತ್ತೆ ಅಂದ್ನಲ್ಲ, ಚರ್ಮದ ಕೆಳಗೇ ಇರೋ ಗಡ್ಡೆಗೆ ಏನು ಮಾಡೋದು? ಬೀಮ್ ಮುಂದೆ ಪ್ಲಾಸ್ಟಿಕ್ ಹಲಗೆ ಅಡ್ಡ ಇಡ್ತೀವಿ, ರೇಂಜ್ ಶಿಫ್ಟರ್ ಅಂತ. ಪ್ರೋಟಾನ್ ಅದರಲ್ಲೇ ಚದುರಿ ಆಮೇಲೆ ಗಾಳೀಲಿ ಹರಡ್ತಾ ಬರೋದ್ರಿಂದ ಹಲಗೆಗೂ ಮೈಗೂ ದೂರ ಜಾಸ್ತಿ ಆದಷ್ಟೂ ಚುಕ್ಕಿ ಊದ್ಕೊಳ್ಳುತ್ತೆ, ಹಳೇ ಲೆಕ್ಕ ಇಲ್ಲೂ ಎಡವುತ್ತೆ. ಹಲಗೇನ ಮೈ ಹತ್ತಿರ ತನ್ನಿ ಅಂತ ನಾವು ಟೆಕ್ನಾಲಜಿಸ್ಟ್‌ಗಳ ಹಿಂದೆ ಬೀಳೋದು ಇದಕ್ಕೇ.

ಇನ್ನು ಡಿಪ್ಲೊಮಾ ಮಾಡೋರಿಗೆ ಅಂತಾನೇ ಒಂದು ಕಥೆ. ನಾನು ಕಲಿಯೋವಾಗ ಒಂದು ಕಡೆ (ಹೆಸರು ಬೇಡ) ದೊಡ್ಡ ಫೀಲ್ಡ್ (ಚುಕ್ಕಿ ಇಟ್ಟು ತುಂಬಿಸೋ ಜಾಗ) ಅಳೆದ್ರೆ ಲೆಕ್ಕಕ್ಕೆ ಸರಿ, ಸಣ್ಣ ಫೀಲ್ಡ್ ಅಳೆದ್ರೆ ಎರಡು ಮೂರು ಪರ್ಸೆಂಟ್ ಕಮ್ಮಿ. ಚೇಂಬರ್ (ಒಳಗಿನ ಗಾಳೀಲಿ ರೇಡಿಯೇಶನ್ ಹುಟ್ಟಿಸೋ ವಿದ್ಯುತ್ತಿನಿಂದ ಡೋಸ್ ಅಳೆಯೋ ಸಾಧನ) ಬದಲಾಯಿಸಿದ್ವಿ, ಕೇಬಲ್ ಬದಲಾಯಿಸಿದ್ವಿ, ಒಂದು ವಾರ ಹೋಯ್ತು. ಕೊನೆಗೆ ಸಿಕ್ಕಿದ ಕಳ್ಳ ಯಾವ್ದು ಅಂದ್ರೆ ಹೇಲೋ. ಪ್ರೋಟಾನ್‌ಗಳಲ್ಲಿ ಪ್ರತಿ ಸೆಂಟಿಮೀಟರ್‌ಗೆ ನೂರಕ್ಕೆ ಒಂದರಂತೆ ನ್ಯೂಕ್ಲಿಯಸ್‌ಗೆ ಡಿಕ್ಕಿ ಹೊಡೆದು ಚೂರು ಚೂರು ಆಚೆ ಚಿಮ್ಮಿಸ್ತವೆ, ರಂಗೋಲಿ ಚುಕ್ಕಿ ಸುತ್ತ ಪುಡಿ ಉದುರಿರುತ್ತಲ್ಲ ಹಂಗೆ, ಕೆಲವು ಸೆಂಟಿಮೀಟರ್ ದೂರದವರೆಗೂ. ಒಂದು ಚುಕ್ಕಿದು ನೋಡಿದ್ರೆ ಲೆಕ್ಕಕ್ಕೇ ಬರಲ್ಲ. ಸಾವಿರ ಚುಕ್ಕಿ ಇಟ್ಟಾಗ ಒಂದರ ಪುಡಿ ಇನ್ನೊಂದರ ಮೇಲೆ ಬಿದ್ದು ಬಿದ್ದು ನಡುವೆ ಹಲವು ಪರ್ಸೆಂಟ್ ಆಗಿಬಿಡುತ್ತೆ, ಸಣ್ಣ ಫೀಲ್ಡ್‌ನಲ್ಲಿ ಅಕ್ಕಪಕ್ಕ ಚುಕ್ಕಿ ಇಲ್ಲ, ಹಾಗಾಗಿ ಆ ಪಾಲು ಸಿಗಲ್ಲ. ಸಾಫ್ಟ್‌ವೇರ್‌ಗೆ ಈ ಪುಡಿ ವಿಷ್ಯ ಸರಿಯಾಗಿ ಹೇಳಿಕೊಟ್ಟಿರಲಿಲ್ಲ, ಯಾಕಂದ್ರೆ ಮೊದಲು ಅಳೆದಿದ್ದ ಬ್ರ್ಯಾಗ್ ಪೀಕ್ ಚೇಂಬರ್‌ನ ಅಗಲ ಬರೀ 8 ಸೆಂಟಿಮೀಟರ್, ಅದರಿಂದಾಚೆ ಬಿದ್ದ ಪುಡಿ ಅದಕ್ಕೆ ಕಾಣ್ಲೇ ಇಲ್ಲ. ಈಗ 15 ಸೆಂಟಿಮೀಟರ್ ಹತ್ತಿರದ ಚೇಂಬರ್ ಸಿಗ್ತವೆ. ಅಂತೂ ಮಾಂಟೆ ಕಾರ್ಲೋ ಇದ್ರೂ ಅದಕ್ಕೆ ತಿನ್ನಿಸಿದ ಅಳತೆ ಕುಂಟಾಗಿದ್ರೆ ಉತ್ತರಾನೂ ಕುಂಟುತ್ತೆ, ಸಾಫ್ಟ್‌ವೇರ್ ಹೆಸರು ನೋಡಿ ಸಮಾಧಾನ ಮಾಡ್ಕೋಬ್ಯಾಡ್ರಿ.

ತುಮಕೂರಿಂದ (ನಿವೃತ್ತ ಶಿಕ್ಷಕರು): ಪ್ರತಿ ಪೇಷೆಂಟಿನ ಪ್ಲಾನನ್ನೂ ಮೊದಲು ನೀರಿನಲ್ಲಿ ಹೊಡೆದು ಪರೀಕ್ಷೆ ಮಾಡುತ್ತಾರೆ ಎಂದು ಬರೆದಿದ್ದಿರಿ. ಮನುಷ್ಯನೇನು ನೀರಿನ ಕೊಡವೇ?

ಸರ್, ಇದನ್ನ ನಮ್ಮವರೇ ಕೇಳ್ಕೋಬೇಕಿತ್ತು. ಆ ಪರೀಕ್ಷೆ ಹೇಗಂದ್ರೆ, ಸಂಜೆ ಪೇಷೆಂಟ್‌ಗಳೆಲ್ಲ ಹೋದ ಮೇಲೆ ಮೇಜಿನ ಮೇಲೆ ನೀರಿಗೆ ಸಮ ಇರೋ ಪ್ಲಾಸ್ಟಿಕ್ ಹಲಗೆ ಜೋಡಿಸಿ, ಮಧ್ಯೆ ನೂರಾರು ಪುಟ್ಟ ಚೇಂಬರ್ ಇರೋ ಡಿಟೆಕ್ಟರ್ ಇಟ್ಟು ಅವರ ಪ್ಲಾನನ್ನೇ ಹೊಡೀತೀವಿ. ಅಳೆದಿದ್ದೂ ಲೆಕ್ಕ ಹಾಕಿದ್ದೂ 3 ಪರ್ಸೆಂಟ್, 3 ಮಿಲಿಮೀಟರ್ ಒಳಗೆ ನೂರಕ್ಕೆ 95 ಕಡೆ ಹೊಂದಿದ್ರೆ ಪಾಸು. ಇದರಿಂದ ಮಷೀನ್ ಹೇಳಿದ ಚುಕ್ಕಿ ಹೇಳಿದ ಕಡೆ ಇಟ್ಟಿತಾ, ಎಷ್ಟು ಇಡ್ಬೇಕೋ ಅಷ್ಟೇ ಇಟ್ಟಿತಾ ಅನ್ನೋದು ಗೊತ್ತಾಗುತ್ತೆ. ಪೇಷೆಂಟ್ ಒಳಗಿನ ಗಾಳಿ, ಮೂಳೆ, ಸಿಟಿ ನಂಬರ್ ಡಿಕ್ಷನರಿ ಇದಾವುದೂ ಅಲ್ಲಿ ಇಲ್ಲವೇ ಇಲ್ಲ. ಮೇಲೆ ಹೇಳಿದ ಶ್ವಾಸಕೋಶದ 7 ಪರ್ಸೆಂಟ್ ತಪ್ಪು ನೀರಲ್ಲಿ ಅಳೆದ್ರೆ ಸಿಕ್ಕೇ ಹಾಕ್ಕೊಳ್ಳಲ್ಲ, ಪ್ಲಾನ್ 99 ಪರ್ಸೆಂಟ್ ಪಾಸಾಗಿ ಹೊರಗೆ ಬರುತ್ತೆ. ಅದಕ್ಕೇ ಅದೇ ಪ್ಲಾನನ್ನ ಪೇಷೆಂಟಿನ ಸಿಟಿ ಮೇಲೇ ಬೇರೊಂದು ಮಾಂಟೆ ಕಾರ್ಲೋ ಪ್ರೋಗ್ರಾಂನಿಂದ ಇನ್ನೊಮ್ಮೆ ಲೆಕ್ಕ ಹಾಕಿಸಿ ತಾಳೆ ನೋಡೋ ಪದ್ಧತಿ ಬಂದಿದೆ.

ನೀವು ಮೇಷ್ಟ್ರು ಅಂತ ಇನ್ನೊಂದು ಸ್ವಾರಸ್ಯ ಹೇಳ್ತೀನಿ. ನಮ್ಮ ಚೇಂಬರ್ ಒಳಗಿರೋದು ಬರೀ ಗಾಳಿ, ಹೊರಗಿನ ಗಾಳಿಗೆ ತೆರೆದೇ ಇರುತ್ತೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಇಲ್ಲಿ ಗಾಳಿ ಒತ್ತಡ ಚೆನ್ನೈಗಿಂತ ಹತ್ತು ಪರ್ಸೆಂಟ್ ಹತ್ತಿರ ಕಮ್ಮಿ, ಹಾಗಾಗಿ ಅದೇ ಚೇಂಬರು ಅದೇ ಡೋಸಿಗೆ ಬೆಂಗಳೂರಲ್ಲಿ ಅಷ್ಟು ಕಮ್ಮಿ ಓದುತ್ತೆ. ಬ್ಯಾರೋಮೀಟರ್, ಥರ್ಮಾಮೀಟರ್ ನೋಡಿ ಗುಣಿಸಿ ಸರಿ ಮಾಡ್ಬೇಕು. ಎಷ್ಟು ಕೋಟಿ ಮಷೀನಾದ್ರೂ ಬೆಳಿಗ್ಗೆ ಎದ್ದು ಮೊದಲು ನೋಡೋದು ಗೋಡೆ ಮೇಲಿನ ಬ್ಯಾರೋಮೀಟರನ್ನ.

ಮೈಸೂರಿಂದ: ಎಕ್ಸ್‌ರೇಗಿಂತ ಪ್ರೋಟಾನೇ ಒಳ್ಳೇದು ಅಲ್ವಾ? ಸಾಲ ಮಾಡಿಯಾದ್ರೂ ಕೊಡಿಸ್ಬೇಕಾ?

ಮಕ್ಕಳ ಕ್ಯಾನ್ಸರ್, ಬುರುಡೆ ಬುಡ, ಬೆನ್ನುಹುರಿ ಪಕ್ಕದ ಗಡ್ಡೆ, ಒಂದ್ಸಲ ರೇಡಿಯೇಶನ್ ಆದ ಜಾಗಕ್ಕೇ ಮತ್ತೆ ಕೊಡ್ಬೇಕಾದಾಗ, ಇಂಥ ಕಡೆ ಯೋಚನೆ ಮಾಡೋದ್ರಲ್ಲಿ ಅರ್ಥ ಇದೆ. ಎಲ್ಲರಿಗೂ ಬೇಕಿಲ್ಲ. ಹತ್ತಿರದ ಊರಲ್ಲಿ ಚೆನ್ನಾಗಿ ಮಾಡಿದ ಎಕ್ಸ್‌ರೇ ಪ್ಲಾನ್ ಬಿಟ್ಟು ಮನೆ ಅಡ ಇಡಬೇಡಿ, ನಿಮ್ಮ ಡಾಕ್ಟ್ರು ಏನಂತಾರೆ ಅದನ್ನ ಕೇಳಿ.

ಬೆಂಗಳೂರಿಂದ: ಅಮ್ಮನಿಗೆ ಎಡಗಡೆ ಸ್ತನದ ಕ್ಯಾನ್ಸರ್, ಪ್ರೋಟಾನ್ ನಡೀತಿದೆ. ಹತ್ತು ದಿನ ಆದ ಮೇಲೆ ಮತ್ತೆ ಸಿಟಿ ಮಾಡಿ ಪ್ಲಾನ್ ಬದಲಾಯಿಸ್ತೀವಿ, ಎರಡು ದಿನ ಟ್ರೀಟ್‌ಮೆಂಟ್ ಇಲ್ಲ ಅಂದ್ರು. ಮೊದಲಿನ ಲೆಕ್ಕ ತಪ್ಪಾಗಿತ್ತಾ? ಕೇಳಿದ್ರೆ ರೊಟೀನ್ ಅಂತಾರೆ, ನಮಗೆ ಭಯ.

ತಪ್ಪಾಗಿರಲಿಲ್ಲ, ಅಮ್ಮ ಬದಲಾಗಿದಾರೆ. ಲೆಕ್ಕ ಹಾಕಿದ್ದು ಮೊದಲ ಸಿಟಿ ದಿನದ ಮೈಗೆ. ಆಮೇಲೆ ಸ್ತನ ಊದಿಕೊಂಡಿರಬಹುದು, ಆಪರೇಶನ್ ಜಾಗದಲ್ಲಿ ನೀರು ತುಂಬಿರಬಹುದು ಅಥವಾ ಇಳಿದಿರಬಹುದು, ಊಟ ಸೇರದೆ ತೂಕ ಇಳಿದಿರಬಹುದು. ಚರ್ಮದ ಹತ್ತಿರ ಒಂದು ಸೆಂಟಿಮೀಟರ್ ಊತ ಬಂದ್ರೆ ಬೀಮ್ ಒಂದು ಸೆಂಟಿಮೀಟರ್ ಈಚೆಗೇ ನಿಂತುಬಿಡುತ್ತೆ, ಪಕ್ಕೆಲುಬಿನ ಹತ್ತಿರದ ಭಾಗಕ್ಕೆ ಕಮ್ಮಿ. ಊತ ಇಳಿದ್ರೆ ಉಲ್ಟಾ, ಒಂದು ಸೆಂಟಿಮೀಟರ್ ಮುಂದೆ ಹೋಗಿ ಶ್ವಾಸಕೋಶಕ್ಕೆ ನುಗ್ಗುತ್ತೆ, ಶ್ವಾಸಕೋಶ ಗಾಳಿ ತುಂಬಿದ್ದು ಆದ್ರಿಂದ ಆ ಒಂದು ಅಲ್ಲಿ ಮೂರು ನಾಲ್ಕು ಸೆಂಟಿಮೀಟರ್ ಆಗುತ್ತೆ, ಎಡಗಡೆ ಅಂದ್ಮೇಲೆ ಹಿಂದೆ ಹಾರ್ಟ್ ಇದೆ. ಹಾಗಾಗಿ ಪ್ರೋಟಾನ್ ಕೊಡೋ ಕಡೆ ಮಧ್ಯ ಮಧ್ಯ ಸಿಟಿ ಮಾಡಿ ಹಳೇ ಪ್ಲಾನನ್ನ ಹೊಸ ಮೈ ಮೇಲೆ ಲೆಕ್ಕ ಹಾಕಿ ನೋಡ್ತಾರೆ, ಸರಿ ಇದ್ರೆ ಮುಂದುವರಿಸ್ತಾರೆ, ಇಲ್ಲಾಂದ್ರೆ ಹೊಸದು. ಮೂಗಿನ ಹಿಂದಿನ ಗಡ್ಡೆಗಳಲ್ಲಂತೂ ನೆಗಡಿ ಬಂದು ಸೈನಸ್ ಕಟ್ಟಿಕೊಂಡ್ರೂ ಸಾಕು ಪ್ಲಾನ್ ಕೆಡೋಕೆ.

ಭಯ ಪಡಬೇಕಾಗಿದ್ದು ಸಿಟಿ ಮಾಡದೇ ಇದ್ದಿದ್ರೆ. ರೊಟೀನ್ ಅಂದು ಸುಮ್ಮನಾಗಿದ್ದು ಮಾತ್ರ ಸರಿ ಇಲ್ಲ, ಎರಡು ನಿಮಿಷ ಕೂತು ಹೇಳಬಹುದಿತ್ತು. ನೀವು ಮಾಡ್ಬೇಕಾದ್ದು ಇಷ್ಟು. ಸ್ತನ ಕಟ್ಟೋಕೆ ಅಂತ ಪ್ಲಾಸ್ಟಿಕ್ ಸರ್ಜನ್ ಒಳಗೆ ಎಕ್ಸ್‌ಪ್ಯಾಂಡರ್ (ನೀರು ತುಂಬಿಸಿ ಉಬ್ಬಿಸೋ ಚೀಲ) ಇಟ್ಟಿದ್ರೆ ಟ್ರೀಟ್‌ಮೆಂಟ್ ಮುಗಿಯೋವರೆಗೂ ಅದಕ್ಕೆ ಯಾರೂ ನೀರು ತುಂಬಿಸಬಾರದು, ತೆಗೆಯಲೂಬಾರದು, ರೇಡಿಯೇಶನ್‌ನವರನ್ನ ಕೇಳದೆ. ಅದರಲ್ಲಿ ಲೋಹದ ಬಿಲ್ಲೆ ಇರೋದುಂಟು, ಅದನ್ನೂ ಹೇಳಿ. ದಿನಾ ಬೆಳಿಗ್ಗೆ ಅಮ್ಮನಿಗೆ ಊತ, ಬಿಗಿತ ಏನಾದ್ರೂ ಹೊಸದಾಗಿ ಕಂಡ್ರೆ ಬೀಮ್ ರೂಮಿಗೆ ಹೋಗೋಕೆ ಮುಂಚೆನೇ ಟೆಕ್ನಾಲಜಿಸ್ಟ್‌ಗೆ ಹೇಳಿ, ಡಾಕ್ಟ್ರು ಬರೋ ದಿನದವರೆಗೆ ಕಾಯಬೇಡಿ. ಆಮೇಲೆ ಎರಡೂ ಸಿಟಿಯ ಸಿಡಿ, ಎರಡೂ ಪ್ಲಾನಿನ ಪ್ರಿಂಟು ಕೇಳಿ ಇಸ್ಕೊಂಡು ಫೈಲಲ್ಲಿ ಇಡಿ, ಯಾವ ಪ್ಲಾನಿನಿಂದ ಎಷ್ಟು ದಿನ ಆಯ್ತು ಅಂತ ಮೇಲೆ ಪೆನ್ನಲ್ಲಿ ಬರೆಸಿಕೊಳ್ಳಿ.